ಹಣಿಗೆ ಹಿಡಿದ ದೇವರ ಚೀಟಿ

ಆಗ ನನಗೆ ಐವತ್ತೆರಡು ವರ್ಷ. ಈ ಮಾತಿಗೆ ಮೂವತ್ತು ವರ್ಷದ ಮೇಲಾಯಿತು. ನಮ್ಮೂರು ಭೋಜದಿಂದ ಸದಲಗಾ ಸಂತೆಗೆ ಹೋಗುವುದೇ ನನಗೆ ಪರದೇಶ. ಅಂಥವಳು ಇಟಲಿಗೆ ಹೋಗಿ ಬಂದೆ. ಹೋಗಿ ಬಂದವರೆಲ್ಲ ಅಲ್ಲಿಯ ಎತ್ತರದ ಗುಡಿ, ಕಲ್ಲಿನ ಗೊಂಬೆ, ಹಿಮ ಅಂತ ಬರೆಯುತ್ತಾರಂತೆ. ನಾನು ಅವನ್ನೆಲ್ಲ ನೆಟ್ಟಗೆ ನೋಡಲಿಲ್ಲ. ನನ್ನ ಲಕ್ಷ್ಯ ಬೇರೆ ಕಡೆ ಇತ್ತು.

ನಾವು ಕುರಿಯವರು. ನನ್ನ ಗಂಡ ಕುಣಿಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರು, ನಾನು ನೂಲುತ್ತಿದ್ದೆ. ಅವರಿಗೆ ಒಳ್ಳೆಯ ದನಿ ಇತ್ತು. ಡೊಳ್ಳಿನ ಪದ ಹಾಡಿದರೆ ಬೋರಗಾಂವದಿಂದ ಜನ ಬಂದು ಕೂಡುತ್ತಿದ್ದರು. ನನಗೆ ಪದಕ್ಕಿಂತ ಅವರು ಕುರಿ ಕರೆಯುವುದೇ ಚೆಂದ. ಅದನ್ನು ಅಕ್ಷರದಲ್ಲಿ ಬರೆಯಲು ಬರುವುದಿಲ್ಲ. ನಾಲಿಗೆ ನಡುಗಿಸಿ ಎದೆಯಿಂದ ಎತ್ತಿ, ಕೊನೆಗೆ ದನಿಯನ್ನು ಮೇಲಕ್ಕೆ ಬಿಟ್ಟುಬಿಡುವುದು. ಹೊಳೆಯ ಆಚೆ ದಂಡೆಯಲ್ಲಿದ್ದ ಕುರಿ ಕೂಡ ತಲೆ ಎತ್ತುತ್ತಿದ್ದವು. ಸಂಜೆ ಆ ಕೂಗು ಕೇಳಿದ ಮೇಲೆಯೇ ನಾನು ಒಲೆಯ ಮೇಲೆ ಹಂಚು ಇಡುತ್ತಿದ್ದೆ.

ಆಮೇಲೆ ಗಂಟಲಲ್ಲಿ ಗಂಟು ಬಂತು. ಮಿರಜಿಗೆ ಒಯ್ದೆವು. ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಕೊರಳ ಬುಡದಲ್ಲಿ ಒಂದು ತೂತು ಉಳಿಯಿತು. ಅದಕ್ಕೆ ಬಿಳಿ ಅರಿವೆ ಕಟ್ಟಿಕೊಳ್ಳುತ್ತಿದ್ದರು. ಕುರಿ ಕರೆಯಬೇಕಾದರೆ ಹಿತ್ತಾಳೆ ತಂಬಿಗೆಗೆ ಕೋಲಿನಿಂದ ಬಡಿಯುತ್ತಿದ್ದರು. ಕುರಿ ದಡ್ಡ ಅನ್ನುವವರಿಗೆ ಕುರಿ ಗೊತ್ತಿಲ್ಲ. ಹಿತ್ತಾಳೆಗೆ ಅವು ಹೊರಳಿಯೂ ನೋಡಲಿಲ್ಲ. ಕೊನೆಗೆ ನನ್ನ ಮೈದುನ ಸಿದ್ದಪ್ಪ ಬಂದು ಕೂಗಬೇಕು.

"ವೈನಿ, ನೀನರ ಕರಿಯಲಾ. ನಮ್ಮನ್ನ ಬೈಯ್ಯಾಕ ಊರೆಲ್ಲಾ ಕೇಳೂವಂಗ ಬಾಯಿ ಐತಿ," ಅನ್ನುತ್ತಿದ್ದ ಅವನು.

"ಕರಿಯೂವರು ಇನ್ನಾ ಬದಕ್ಯಾರ," ಅನ್ನುತ್ತಿದ್ದೆ ನಾನು.

ದನಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಡಾಕ್ಟರೂ ಮನುಷ್ಯರೇ. ಬಂದರೆ ಆ ಕೂಗು ನನ್ನ ಗಂಡನ ಬಾಯಿಂದಲೇ ಬರಲಿ, ನಾನು ಕೂಗಿದರೆ ಕಥೆ ಮುಗಿಯಿತು ಅಂತ ಒಪ್ಪಿಕೊಂಡಂತೆ, ಎಂದು ನನ್ನ ಹಟ.

ಹೀಗಿರುವಾಗ ಚಿಕ್ಕೋಡಿಯ ಉಣ್ಣೆ ಸಂಘದವರು ಬಂದರು. ಇಟಲಿಯ ಒಂದು ಗುಡ್ಡದ ಊರಲ್ಲಿ ಉಣ್ಣೆಯ ಮೇಳ ಇದೆ, ನೇಯುವವರೊಬ್ಬರು, ನೂಲುವವರೊಬ್ಬರು ಬೇಕು ಎಂದರು. ಅವರ ಮನಸ್ಸಿನಲ್ಲಿ ಇದ್ದದ್ದು ನನ್ನ ಗಂಡ. ಅವರು ಹೋಗುವಂತಿರಲಿಲ್ಲ, ಸಿದ್ದಪ್ಪನನ್ನು ತೋರಿಸಿದರು. ನಾನು ಒಲ್ಲೆ ಎಂದೆ. ನನ್ನ ಗಂಡ ಏನೂ ಕೇಳದವರಂತೆ ಗಂಟು ಕಟ್ಟಲು ಕುಳಿತರು. ಎರಡು ಕಂಬಳಿ, ಕಟಕ ರೊಟ್ಟಿ, ಶೇಂಗಾ ಚಟ್ನಿ. ಎಲ್ಲದರ ಮೇಲೆ ತಮ್ಮ ಕೊರಳ ಅರಿವೆಯೊಂದನ್ನು ಮಡಚಿ ಇಟ್ಟು, ಭುಜ ನಡುಗಿಸಿ ತೋರಿಸಿದರು. ಅಲ್ಲಿ ಚಳಿ ಇರುತ್ತದೆ, ಕೊರಳಿಗೆ ಸುತ್ತಿಕೋ ಎಂದು.

ಮುಂಬಯಿ

ವಿಮಾನ ಹತ್ತುವ ಕಡೆ ನನ್ನ ಸೆರಗಿನ ಗಂಟು ಬಿಚ್ಚಿಸಿದರು. ಅದರಲ್ಲಿ ಬೀರದೇವರ ಭಂಡಾರ ಇತ್ತು.

"ಹೇ ಕಾಯ ಆಹೆ?" ಎಂದ ಸಾಹೇಬ.

ಮರಾಠಿ ನಮಗೂ ಬರುತ್ತದೆ. ದೇವರದು, ಅರಿಷಿಣ ಎಂದೆ. ಅವನು ಗಂಟನ್ನು ಎತ್ತಿ ಮೂಸಿದ, ಸೀನಿದ. ಅರ್ಧ ಭಂಡಾರ ಹಿಂದೆ ನಿಂತಿದ್ದ ಸೇಠನ ಬಿಳಿ ಅಂಗಿಯ ಮೇಲೆ ಹಾರಿತು.

"ಸೇಠಜೀನ ಅರಿಷಿಣಕ್ಕ ಕುಂಡರ್ಸಿದಿ ನೋಡ ವೈನಿ, ಇನ್ನ ಅಕ್ಕಿಕಾಳ ಒಂದ ಬಾಕಿ," ಎಂದ ಸಿದ್ದಪ್ಪ. ನಗಬಾರದ ಜಾಗದಲ್ಲಿ ನಕ್ಕೆವು. ಸಾಹೇಬ ಮಾತ್ರ ಬೆರಳಿಗೆ ಹತ್ತಿದ್ದನ್ನು ಒರೆಸಿಕೊಳ್ಳಲಿಲ್ಲ. ಸದ್ದಿಲ್ಲದೆ ಹಣೆಗೆ ಹಚ್ಚಿಕೊಂಡು ನಮ್ಮನ್ನು ಮುಂದಕ್ಕೆ ಬಿಟ್ಟ.

ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ಕಿವಿ ಮುಚ್ಚಿತು, ಮತ್ತೆ ತೆರೆಯಿತು.

ಅಸುಂತಾಳ ಮನೆ

ಆ ಗುಡ್ಡದ ಊರಿನ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ನಮ್ಮನ್ನು ಅದರ ಕೆಳಗಿನ ಹಳ್ಳಿಯಲ್ಲಿ ಅಸುಂತಾ ಎಂಬ ಮುದುಕಿಯ ಮನೆಯಲ್ಲಿ ಇಳಿಸಿದರು. ನನಗಿಂತ ಹಿರಿಯಳು, ಗಂಡ ಸತ್ತವಳು, ಮೈತುಂಬ ಕರಿ ಬಟ್ಟೆ. ಮಾತು ತಿಳಿಸಿ ಹೇಳಲು ಮೇಳದವರು ಒಬ್ಬ ಸಿಸ್ಟರ್‌ಬಾಯಿಯನ್ನು ಹುಡುಕಿ ತಂದಿದ್ದರು. ಬೆನಿಟಾ ಅಂತ, ಕಾರ್ಕಳದ ಕಡೆಯವಳು. ಚಿಕ್ಕವಳಿದ್ದಾಗಲೇ ಮಠ ಸೇರಿ ಆ ದೇಶಕ್ಕೆ ಹೋದವಳು. ಅವಳ ಕನ್ನಡ ಬೇರೆ, ನಮ್ಮದು ಬೇರೆ. ಆದರೂ ನಾನು ಬಾಯಿ ತೆರೆದರೆ ಸಾಕು, ಅವಳ ಕಣ್ಣು ಅರಳುತ್ತಿದ್ದವು.

"ಮಾತಾಡಿ ಅಮ್ಮಾ, ಏನಾದ್ರೂ ಮಾತಾಡಿ. ಬೈದ್ರೂ ಅಡ್ಡಿಲ್ಲ," ಅನ್ನುತ್ತಿದ್ದಳು. ಹಾಗೆ ಕೇಳಿದರೆ ಬೈಗುಳವೂ ಬಾಯಿಗೆ ಬರುವುದಿಲ್ಲ.

ಅಸುಂತಾ ಗೋವಿನಜೋಳದ ನುಚ್ಚು ಮಾಡಿ ಹಲಗೆಯ ಮೇಲೆ ಸುರಿದಳು. ತಾಟು ಇಲ್ಲ. ಎಲ್ಲರೂ ತಮ್ಮ ತಮ್ಮ ಕಡೆಯಿಂದ ತಿನ್ನುತ್ತ ಬರಬೇಕು. ಕುರಿಯ ಹಾಲಿನ ಗಿಣ್ಣದಂಥ ಗಟ್ಟಿ ಇಟ್ಟಳು, ನನ್ನ ಹಳೇ ಕಂಬಳಿ ಮಳೆಯಲ್ಲಿ ನೆಂದಾಗ ಬರುವ ವಾಸನೆ ಅದಕ್ಕೆ. ಸಿದ್ದಪ್ಪ ತಿಂದ. ನಾನು ರೊಟ್ಟಿ ಚಟ್ನಿ ತೆಗೆದೆ. ಅವಳು ಚಟ್ನಿಯನ್ನು ಚಮಚದಲ್ಲಿ ಬಾಯಿಗೆ ಹಾಕಿಕೊಂಡು, ಕಣ್ಣೀರು ಸುರಿಸುತ್ತಲೇ ಇನ್ನೊಂದು ಚಮಚ ತೆಗೆದುಕೊಂಡಳು. ಅಂದಿನಿಂದ ನಮ್ಮಿಬ್ಬರಿಗೂ ಕೂಡಿಬಂತು.

ಆ ಮನೆಯಲ್ಲಿ ಎಲ್ಲಿ ನೋಡಿದರೂ ಚೀಟಿ. ಇಸ್ಪೀಟಿನ ಎಲೆಯಷ್ಟೇ ದೊಡ್ಡವು, ಒಂದು ಕಡೆ ದೇವರ ಚಿತ್ರ, ಹಿಂದೆ ಅವರ ಪ್ರಾರ್ಥನೆ. ಕನ್ನಡಿಯ ಸಂದಿಯಲ್ಲಿ, ಹಿಟ್ಟಿನ ಡಬ್ಬಿಯ ಮುಚ್ಚಳದಲ್ಲಿ, ಕೋಳಿ ಗೂಡಿನ ಬಾಗಿಲಲ್ಲಿ ಒಂದೊಂದು. ನಮ್ಮಲ್ಲಿ ದೇವರು ಜಗಲಿಯ ಮೇಲೆ ಇರುತ್ತಾನೆ, ನಾವು ಅವನ ಬಳಿಗೆ ಹೋಗಬೇಕು. ಅವಳ ದೇವರುಗಳು ಕೆಲಸ ಇದ್ದಲ್ಲಿಗೆ ಬಂದು ನಿಂತಿದ್ದವು. ಕಣ್ಣಿಗೊಬ್ಬ, ಹಲ್ಲಿಗೊಬ್ಬ, ಕಳೆದದ್ದು ಹುಡುಕಲು ಒಬ್ಬ.

ರಾಟಿಯ ಮೇಲಿದ್ದ ಚೀಟಿ ನೋಡಿ ನಾನು ನಿಂತುಬಿಟ್ಟೆ. ಎತ್ತರದ ಟೊಪ್ಪಿಗೆಯ, ಬಿಳಿ ಗಡ್ಡದ ದೇವರು. ಒಂದು ಕೈಯಲ್ಲಿ ಎರಡು ಮೇಣದಬತ್ತಿ, ಇನ್ನೊಂದು ಕೈಯಲ್ಲಿ ಕಬ್ಬಿಣದ ಹಲ್ಲಿನ ಹಣಿಗೆ. ಉಣ್ಣೆ ಬಾಚುವ ಹಣಿಗೆ. ನಾವು ಉಣ್ಣೆಯನ್ನು ಬಿಲ್ಲಿನ ಹುರಿಯಿಂದ ಮೀಟಿ ಬಿಡಿಸುತ್ತೇವೆ, ಅವರು ಹಣಿಗೆಯಿಂದ ಬಾಚುತ್ತಾರೆ. ಅದು ಬಿಟ್ಟರೆ ಕೆಲಸ ಒಂದೇ.

"ಇಂವಾ ನಮ್ಮಾಂವನ ಅದಾನಲೇ, ಕುರ್ಯಾರ ದೇವರು," ಎಂದೆ ಸಿದ್ದಪ್ಪನಿಗೆ.

ಸಾನ್ ಬಿಯಾಜೊ ಎಂದು ಅಸುಂತಾ ಹೆಸರು ಹೇಳಿದಳು. ಸಿದ್ದಪ್ಪ ಅಲ್ಲೇ ಬಿಯಾಜಪ್ಪ ಎಂದು ಮಾಡಿಕೊಂಡ. ಅಸುಂತಾ ಪೆಟ್ಟಿಗೆಯಿಂದ ಅದೇ ದೇವರ ಚೀಟಿ ತೆಗೆದು ಇಬ್ಬರಿಗೂ ಒಂದೊಂದು ಕೊಟ್ಟಳು.

ಬಸ್ಸಿನಲ್ಲಿ

ಮರುದಿನ ಮೇಳಕ್ಕೆ ಬಸ್ಸಿನಲ್ಲಿ ಹೋದೆವು. ಟಿಕೀಟು ನೋಡುವವನು ಬಂದು ಕೈ ಚಾಚಿದಾಗ ಸಿದ್ದಪ್ಪ ಠೀವಿಯಿಂದ ಕಿಸೆಯೊಳಗಿಂದ ಬಿಯಾಜಪ್ಪನನ್ನು ತೆಗೆದು ಕೊಟ್ಟ. ಆ ಮನುಷ್ಯ ಚೀಟಿಗೆ ಮುತ್ತು ಕೊಟ್ಟು, ಎದೆಗೆ ಒತ್ತಿಕೊಂಡು, ತಿರುಗಿ ಕೊಟ್ಟು, ಮತ್ತೆ ಕೈ ಚಾಚಿದ. ಟಿಕೀಟುಗಳು ಮುಂದೆ ಕುಳಿತಿದ್ದ ಬೆನಿಟಾಳ ಚೀಲದಲ್ಲಿದ್ದವು.

"ಮುದಕಿ ಇಬ್ಬರಿಗೂ ಒಂದೊಂದ ಕೊಟ್ಟಳಲ್ಲಾ, ಅದಕ್ಕ ಟಿಕೀಟ ಅಂತ ತಿಳಿದ್ನಿ," ಎಂದ ಸಿದ್ದಪ್ಪ.

"ಗಡ್ಡದ ಫೋಟೊ ಇದ್ದ ಟಿಕೀಟ ಯಾವ ಬಸ್ಸಿನ್ಯಾಗ ಕಂಡಿದ್ದೀ?"

"ಪರದೇಶ ಬೇ ವೈನಿ. ಯಾರಿಗೆ ಗೊತ್ತ."

ನಗುತ್ತಿದ್ದಂತೆ ಬಸ್ಸು ನಿಂತಿತು. ರಸ್ತೆಗೆ ಅಡ್ಡ ಕುರಿ ಹಿಂಡು. ಬಿಳಿ ಕುರಿ, ನಮ್ಮವಕ್ಕಿಂತ ದುಂಡಗೆ. ಹಿಂಡು ರಸ್ತೆಯ ಮೇಲೆಯೇ ಚದುರಿ ನಿಂತಿತು. ಆಗ ಮೇಲಿನ ದಿಬ್ಬದಿಂದ ಕುರುಬನೊಬ್ಬ ಕರೆದ.

ನಾಲಿಗೆ ನಡುಗಿಸಿ, ಎದೆಯಿಂದ ಎತ್ತಿ, ಕೊನೆಗೆ ಮೇಲಕ್ಕೆ ಬಿಟ್ಟ.

ನಾನು ಬಸ್ಸಿನಿಂದ ಇಳಿದುಬಿಟ್ಟಿದ್ದೆ. ಯಾವಾಗ ಎದ್ದೆ, ಯಾವ ಬಾಗಿಲಿನಿಂದ ಇಳಿದೆ, ಗೊತ್ತಿಲ್ಲ. ಕುರಿಗಳ ನಡುವೆ ನಿಂತು ದಿಬ್ಬ ನೋಡುತ್ತಿದ್ದೆ. ಮೇಲೆ ಒಬ್ಬ ಪ್ಯಾಂಟು ಹಾಕಿದ ಮನುಷ್ಯ, ಕೆಂಪು ಮುಖ. ಬೇರೆಯವನೇ. ಬೇರೆಯವನಲ್ಲದೆ ಯಾರಿರುತ್ತಾರೆ? ಅವನೂ ನನ್ನನ್ನು ನೋಡಿದ. ಇಳಕಲ್ ಸೀರೆ ಉಟ್ಟ ಹೆಂಗಸು ತನ್ನ ಕುರಿಗಳ ನಡುವೆ ಯಾಕೆ ಎಂದು ತಿಳಿಯದೆ, ಟೊಪ್ಪಿಗೆ ತೆಗೆದ.

ಸಿದ್ದಪ್ಪ ಓಡಿ ಬಂದ. ಚೇಷ್ಟೆ ಮಾಡಲಿಲ್ಲ. "ಅಣ್ಣಾನಂಗ ಕೂಗಿದಾ, ಹೌದಲ್ಲ?" ಎಂದ ಅಷ್ಟೇ.

"ದನಿ ಸಣ್ಣದು ಅವಂದು," ಎಂದು ಬಸ್ಸು ಹತ್ತಿದೆ.

ಮೇಳ

ನಮಗೆ ಒಂದು ಕಟ್ಟೆ ಕೊಟ್ಟಿದ್ದರು. ನಾನು ಹಂಜಿ ಹಿಡಿದು ನೂಲು ತೆಗೆಯುತ್ತಿದ್ದೆ, ಸಿದ್ದಪ್ಪ ಮಗ್ಗ ಹೂಡಿದ್ದ. ಅಲ್ಲಿಯ ಜನ ನಮ್ಮ ಕರಿ ಕಂಬಳಿ ಮುಟ್ಟಿ ಕೈ ಹಿಂದೆ ತೆಗೆಯುತ್ತಿದ್ದರು, ಚುಚ್ಚುತ್ತದೆ ಎಂದು. ಚುಚ್ಚದಿದ್ದರೆ ಅದು ಕಂಬಳಿಯೇ? ಮಳೆ ತಡೆಯಬೇಕು, ಹುಲ್ಲು ಹೊರಬೇಕು, ಕೂಸನ್ನು ಮಲಗಿಸಬೇಕು. ಅವರ ಉಣ್ಣೆ ಬೆಕ್ಕಿನ ಮೈಯಂತೆ. ಮುದ್ದು ಮಾಡಲು ಸರಿ.

ಅಸುಂತಾ ತನ್ನ ಹಳೆಯ ಹಣಿಗೆ ತಂದು ನನ್ನ ಪಕ್ಕ ಕುಳಿತು ಉಣ್ಣೆ ಬಾಚಿ ತೋರಿಸಿದಳು. ಹಲ್ಲುಗಳು ನನ್ನ ಬೆರಳಿಗಿಂತ ಉದ್ದ. ನಾನು ಬೆನಿಟಾಳನ್ನು ಕೇಳಿದೆ, "ಬಾಯಾರ, ಈ ಬಿಯಾಜಪ್ಪನೂ ಉಣ್ಣಿ ಬಾಚಾಂವ ಇದ್ದನೇನ್ರಿ?"

ಅವಳು ಅಸುಂತಾಳ ಹಣಿಗೆಯ ಕಡೆ ನೋಡಿದಳು. ಆಮೇಲೆ ಹೇಳಿದಳು. "ಅಲ್ಲ ಅಮ್ಮಾ. ಅವರು ಪಾದ್ರಿಗಳ ಹಿರಿಯರು. ದೇವರನ್ನು ಬಿಡು ಅಂತ ರಾಜನ ಕಡೆಯವರು ಹಿಂಸೆ ಕೊಟ್ರು. ಬಿಡ್ಲಿಲ್ಲ. ಇಂಥ ಹಣಿಗೆಯಿಂದಲೇ ಮೈ ಎಲ್ಲ ಬಾಚಿದ್ರು. ಆಮೇಲೆ ತಲೆ ಕಡಿದ್ರು."

ನನಗೆ ಸಿಟ್ಟು ಬಂತು. ಹಣಿಗೆ ನೋಡಿ ನಮ್ಮವನು ಎಂದು ಹಿಗ್ಗಿದ್ದೆನಲ್ಲ.

"ಅಂಥಾ ಹಣಗೀನ ಬಾವ್ಯಾಗ ಒಗದ ಬರೂದ ಬಿಟ್ಟ, ಅವನ ಕೈಯಾಗ ಕೊಟ್ಟ ಪೂಜಾ ಮಾಡತೀರಿ? ಎಂಥಾ ಮಂದಿ ನೀವು?"

ಬೆನಿಟಾ ಅದನ್ನು ಅಸುಂತಾಳಿಗೆ ಹೇಳಿದಳು. ಎಷ್ಟು ಮೆತ್ತಗೆ ಮಾಡಿ ಹೇಳಿದಳೋ. ಅಸುಂತಾ ಬಾಚುವುದನ್ನು ನಿಲ್ಲಿಸದೆ ಉತ್ತರ ಕೊಟ್ಟಳು, ಬೆನಿಟಾ ಅದನ್ನು ತಿರುಗಿಸಿ ನನಗೆ ಹೇಳಿದಳು.

"ಹಣಿಗೆ ಏನು ಮಾಡ್ತದೆ ಪಾಪ, ತಪ್ಪು ಹಿಡಿದ ಕೈಯದ್ದು ಅಂತಾರೆ. ಹೊಟ್ಟೆಪಾಡಿಗೆ ದಿನಾ ನಾವು ಇದನ್ನೇ ಹಿಡೀಬೇಕಲ್ಲ, ಅದಕ್ಕೆ ಇದರ ನೋವು ಗೊತ್ತಿದ್ದವರನ್ನೇ ಕಾವಲಿಗೆ ಇಟ್ಕೊಂಡ್ವಿ ಅಂತೆ."

ನನಗೆ ಮಿರಜಿನ ಡಾಕ್ಟರ ಕತ್ತಿ ನೆನಪಾಯಿತು. ದನಿ ಒಯ್ದಿತೆಂದು ಅದನ್ನು ನಾನು ದಿನಾ ಬೈಯುತ್ತಿದ್ದೆ. ಗಂಡನನ್ನು ಉಳಿಸಿಕೊಟ್ಟದ್ದೂ ಅದೇ ಕತ್ತಿ.

"ಮತ್ತೆ ಇನ್ನೊಂದು ಉಂಟಮ್ಮಾ," ಎಂದಳು ಬೆನಿಟಾ. "ಅವರನ್ನು ಜೈಲಿಗೆ ಒಯ್ಯುವಾಗ ಒಬ್ಬಳು ತಾಯಿ ಮಗುವನ್ನು ತಂದು ಕಾಲ ಹತ್ರ ಇಟ್ಟಳಂತೆ. ಗಂಟಲಲ್ಲಿ ಮೀನಿನ ಮುಳ್ಳು. ಮುಟ್ಟಿ ವಾಸಿ ಮಾಡಿದ್ರು. ಅದಕ್ಕೆ ಇವರು ಕೊರಳು ಕಾಯುವವರು. ನಾಳೆ ಅವರದ್ದೇ ಹಬ್ಬ, ಎಲ್ಲರ ಕೊರಳಿಗೂ ಆಶೀರ್ವಾದ ಕೊಡ್ತಾರೆ."

ನನ್ನ ಕೈಯಲ್ಲಿ ಎಳೆ ಹರಿಯಿತು. ಸಿದ್ದಪ್ಪ ಮಗ್ಗದಿಂದ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ.

ಗುಡಿ

ಮರುದಿನ ಗಂಡ ಕೊಟ್ಟಿದ್ದ ಅರಿವೆಯನ್ನು ಕೊರಳಿಗೆ ಕಟ್ಟಿಕೊಂಡೆ. ಅವರು ಕಟ್ಟುವಂತೆಯೇ, ಗಂಟು ಹಿಂದಕ್ಕೆ. ಊರಲ್ಲಿರುವ ಅವರ ಕೊರಳಿಗೆ ಇದರ ಮೇಲೆ ಆಶೀರ್ವಾದ ಬೇಕು ಎಂದು ಬೆನಿಟಾಳಿಗೆ ಹೇಳಿದೆ.

"ಅಮ್ಮಾ, ಇದು ಬಂದವರ ಕೊರಳಿಗೆ ಕೊಡುವ ಆಶೀರ್ವಾದ. ಮನೆಯಲ್ಲಿದ್ದವರಿಗೆ ಹೇಗೆ?" ಎಂದಳು ಬೆನಿಟಾ.

"ನಮ್ಮಲ್ಲೆ ನಡೀತೈತ್ರಿ. ಅವರು ದೀಡ ನಮಸ್ಕಾರ ಬೇಡಿಕೊಂಡಿದ್ರು. ಹಾಸಿಗಿ ಹಿಡದ್ರು. ನಾ ನೆಲದ ಮ್ಯಾಲ ಉದ್ದಕ ಬಿದ್ದ ಎದ್ದ ತೀರಿಸಿ ಬಂದ್ನಿ. ಬೀರದೇವರು ಒಪ್ಪಿದಾ. ನಿಮ್ಮಾಂವ ಒಪ್ಪೂದಿಲ್ಲಾ?"

ಗುಡಿಯಲ್ಲಿ ಸಾಲು. ನಮ್ಮಲ್ಲಿಯಂತೆ ನೂಕುವುದಿಲ್ಲ, ಗಂಟೆಯ ಸದ್ದಿಲ್ಲ, ಕೆಮ್ಮುವುದು ಮಾತ್ರ ಕೇಳಿಸುತ್ತದೆ. ಪಾದ್ರಿಯ ಕೈಯಲ್ಲಿ ಎರಡು ಮೇಣದಬತ್ತಿ, ಕೆಂಪು ಪಟ್ಟಿಯಿಂದ ಕತ್ತರಿಯಂತೆ ಕಟ್ಟಿದ್ದು. ಒಬ್ಬೊಬ್ಬರ ಗದ್ದದ ಕೆಳಗೆ ಅದನ್ನು ಹಿಡಿದು ಮಂತ್ರ ಹೇಳುತ್ತಾನೆ. ಬತ್ತಿ ಹಚ್ಚಿರಲಿಲ್ಲ.

"ಹಚ್ಚಲಾರದ ದೀಪಾ ಎಂಥಾ ದೀಪರಿ?" ಎಂದೆ.

"ಹಿಂದೆ ಹಚ್ತಿದ್ರಂತೆ. ಯಾರದ್ದೋ ಗಡ್ಡ ಸುಟ್ಟಿತು," ಎಂದು ಬೆನಿಟಾ ನಗು ತಡೆದುಕೊಂಡಳು.

ನನ್ನ ಪಾಳಿ ಬಂತು. ಪಾದ್ರಿ ಅರಿವೆ ನೋಡಿದ. ಬೆನಿಟಾ ಮೆಲ್ಲಗೆ ಎಲ್ಲ ತಿಳಿಸಿದಳು. ಅವನು ಏನೋ ಕೇಳಿದ.

"ಅವರ ಹೆಸರು ಹೇಳ್ಬೇಕಂತೆ ಅಮ್ಮಾ."

ಗಂಡನ ಹೆಸರು. ಮದುವೆಯಾದಾಗಿನಿಂದ ನಾನು ಅದನ್ನು ಬಾಯಿಗೆ ತಂದವಳಲ್ಲ. ಮಿರಜಿನ ದವಾಖಾನೆಯಲ್ಲೂ ಸಿದ್ದಪ್ಪನೇ ಹೇಳಿದ್ದ. ಈಗ ಅವನು ಗಂಡಸರ ಸಾಲಿನಲ್ಲಿ ಹಿಂದೆ ಎಲ್ಲೋ ಇದ್ದ. ನನ್ನ ಹಿಂದೆ ಅಸುಂತಾ, ಅವಳ ಹಿಂದೆ ಇಡೀ ಊರು.

ನಮ್ಮಲ್ಲಿ ಗಂಡನ ಹೆಸರು ಹೇಳಲೇಬೇಕಾದರೆ ಒಡಪು ಕಟ್ಟಿ ಅದರೊಳಗೆ ಹೇಳಬಹುದು, ದೋಷವಿಲ್ಲ. ಮದುವೆ ಸೀಮಂತದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೇಳಿಸುತ್ತಾರೆ. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ. ಅಲ್ಲೇ ಕಟ್ಟಿದೆ, ಗಟ್ಟಿಯಾಗಿ ಹೇಳಿದೆ:

"ಕರಿ ಉಣ್ಣಿ ಬಿಳಿ ಉಣ್ಣಿ ಕೂಡಿಸಿ ತಗದೇನಿ ಎಳಿ,
ಏಳು ಕಡಲ ದಾಟಿ ಬಂದೇನಿ, ಮೈತುಂಬ ಚಳಿ,
ಮಾಳಪ್ಪರಾಯರ ಹೆಸರ ಹೇಳತೇನಿ, ದೇವರ ನೀ ತಿಳಿ."

ಆ ಗುಡಿಯ ಗೋಡೆ ಎತ್ತರ. ಹೆಸರು ಮೇಲೆ ಹೋಗಿ ತಿರುಗಿ ಬಂತು. ಕೆಮ್ಮುವವರು ಕೆಮ್ಮು ನಿಲ್ಲಿಸಿದರು. ಹಿಂದಿನಿಂದ ಸಿದ್ದಪ್ಪ "ಭಲೇ ವೈನಿ" ಎಂದದ್ದು ಕೇಳಿತು.

ಪಾದ್ರಿ ಅರಿವೆಯ ಮೇಲೆ ಬತ್ತಿ ಹಿಡಿದು ಮಂತ್ರ ಹೇಳಿದ. ನಡುವೆ "ಮಾಲಪ್ಪ" ಎಂದದ್ದು ತಿಳಿಯಿತು. ಮುಗಿಯಿತೆಂದು ನಾನು ಹೊರಳಿದೆ. ಅವನು ತಡೆದು, ಎರಡು ಬೆರಳಿನಿಂದ ಅರಿವೆಯನ್ನು ಕೆಳಗೆ ಸರಿಸಿ, ನನ್ನ ಬರಿ ಕೊರಳಿಗೆ ಮತ್ತೊಮ್ಮೆ ಬತ್ತಿ ಹಿಡಿದ.

"ನನಗೇನಾಗೇತಿ? ನಂದು ನೆಟ್ಟಗೈತಿ ಅಂತ ಹೇಳ್ರಿ," ಎಂದೆ.

ಬೆನಿಟಾ ಹೇಳಿದಳು. ಪಾದ್ರಿಯ ಮಾತನ್ನು ತಿರುಗಿ ನನಗೆ ಹೇಳುವಾಗ ಅವಳ ದನಿ ಸಣ್ಣಗಾಗಿತ್ತು. "ನಿಮ್ಮದೂ ಕೊರಳೇ ಅಲ್ವಾ, ಅಂತ ಕೇಳ್ತಾರೆ."

ಹೊರಡುವ ದಿನ ಬೆನಿಟಾಗೆ ಉಳಿದ ಚಟ್ನಿ ಕೊಟ್ಟೆ. ಅವಳು ಅದನ್ನು ಪಕ್ಕಕ್ಕಿಟ್ಟು, ಇನ್ನೊಂದು ಒಡಪು ಹೇಳಿ ಎಂದಳು. ಹೇಳಿದೆ. ಬಸ್ಸು ತಿರುಗುವವರೆಗೆ ಅಲ್ಲೇ ನಿಂತಿದ್ದಳು.

ಭೋಜ

ನಿಪ್ಪಾಣಿಯಲ್ಲಿ ಇಳಿದು ಊರಿಗೆ ಬರುವಷ್ಟರಲ್ಲಿ ಸಂಜೆ. ಅವರು ಮಗ್ಗದ ಬಳಿ ಕುಳಿತಿದ್ದರು. ಸೊರಗಿರಲಿಲ್ಲ. ನಾನಿಲ್ಲದೆಯೂ ಉಂಡಿದ್ದಾರೆ ಎಂದು ಸ್ವಲ್ಪ ಸಿಟ್ಟು ಬಂತು.

ಚೀಟಿ ಕೊಟ್ಟೆ. ಹಣಿಗೆಯ ಮೇಲೆ ಬೆರಳಿಟ್ಟು, ಇದೇನು ಎಂದು ಹುಬ್ಬು ಎತ್ತಿದರು. ಹೇಳಿದೆ. ಹೇಗೆ ಕೊಂದರು, ಆಮೇಲೆ ಉಣ್ಣೆಯವರು ಅದನ್ನೇ ಅವನ ಕೈಗೆ ಯಾಕೆ ಕೊಟ್ಟರು, ಎಲ್ಲ. ಬಹಳ ಹೊತ್ತು ನೋಡಿ ಅದನ್ನು ಮಗ್ಗದ ಕಂಬದ ಸಂದಿಗೆ ಸಿಕ್ಕಿಸಿದರು. ಈಗ ಅವರಿಲ್ಲ. ಚೀಟಿ ಅಲ್ಲೇ ಇದೆ, ಹೊಗೆಗೆ ಕಂದಿದೆ.

ಅಷ್ಟರಲ್ಲಿ ಸಿದ್ದಪ್ಪ ತಡೆಯಲಾರದೆ ಎಲ್ಲ ಒದರಿದ. "ಅಣ್ಣಾ, ಗುಡಿಯಾಗ ನಿನ್ನ ಹೆಸರ ಒದರ್ಯಾಳ. ಇಟಲಿ ದೇಶಕ್ಕೆಲ್ಲಾ ಗೊತ್ತಾತು. ಪಾದ್ರಿ ಇಕಿ ಕೊರಳಿಗೂ ದೀಪಾ ಹಿಡದಾ. ಇನ್ನ ಬೈಗಳಾ ಹೆಚ್ಚಾಕ್ಕಾವು ನೋಡ."

ಅವರು ನಕ್ಕರು. ಸದ್ದಿಲ್ಲ, ಭುಜ ಕುಣಿದವು.

ನಾನು ಕೊರಳಿನಿಂದ ಅರಿವೆ ಬಿಚ್ಚಿ ಅವರಿಗೆ ಕಟ್ಟಿದೆ. ಎದುರು ಕುಳಿತೆ. ನಾನು ಏನು ಕಾಯುತ್ತಿದ್ದೇನೆ ಎಂಬುದು ಅವರಿಗೆ ತಿಳಿಯಿತು. ಒಲ್ಲೆ ಎನ್ನಲಿಲ್ಲ. ಮೈ ನೆಟ್ಟಗೆ ಮಾಡಿ, ಎದೆ ತುಂಬ ಉಸಿರು ಎಳೆದು, ಹಿಂಡಿನ ಮುಂದೆ ನಿಂತಾಗ ತೆರೆಯುತ್ತಿದ್ದಂತೆ ಬಾಯಿ ತೆರೆದರು. ಕೊರಳ ಬುಡದಲ್ಲಿ ಅರಿವೆ ಪಟಪಟ ಅಲುಗಿತು. ಅಷ್ಟೇ. ಇಬ್ಬರೂ ಅದನ್ನೇ ನೋಡಿದೆವು.

ಆಮೇಲೆ ಅವರು ಕೈ ಚಾಚಿ ಒಂದು ಬೆರಳಿನಿಂದ ನನ್ನ ಕೊರಳು ಮುಟ್ಟಿದರು. "ಕೈ ತಗೀರಿ, ರೊಟ್ಟಿ ಬಡೀಬೇಕು," ಎಂದು ಎದ್ದು ಹೋದೆ.

ಮರುದಿನ ಬೆಳಿಗ್ಗೆ ಸಿದ್ದಪ್ಪ ಪ್ರಯಾಣದ ದಣಿವಿಗೆ ಇನ್ನೂ ಎದ್ದಿರಲಿಲ್ಲ. ಕುರಿಗಳು ಕಿತ್ತ ತಂಬಾಕಿನ ಹೊಲದಲ್ಲಿ ಚದುರಿದ್ದವು. ಅವರು ಬದುವಿನ ಮೇಲೆ ನಿಂತು ತಂಬಿಗೆ ಬಡಿಯುತ್ತಿದ್ದರು. ಒಂದೂ ತಲೆ ಎತ್ತಲಿಲ್ಲ. ನಾನು ಕಸಬರಿಗೆ ಕೆಳಗಿಟ್ಟು ಹೋಗಿ ಅವರ ಪಕ್ಕ ನಿಂತೆ. ನಾಲಿಗೆ ನಡುಗಿಸಿದೆ. ಮೊದಲ ಸಲ ದನಿ ಒಡೆಯಿತು. ಎರಡನೆಯ ಸಲ ಎದೆಯಿಂದ ಎತ್ತಿ, ಕೊನೆಗೆ ಮೇಲಕ್ಕೆ ಬಿಟ್ಟೆ. ಹೊಲದ ತುದಿಯಲ್ಲಿದ್ದ ಕರಿ ಟಗರು ತಲೆ ಎತ್ತಿತು, ಅದರ ಹಿಂದೆ ಉಳಿದವು.

ಅವರು ತಂಬಿಗೆ ಬಡಿಯುವುದನ್ನು ನಿಲ್ಲಿಸಿದರು. ನಾನು ಮತ್ತೊಮ್ಮೆ ಕರೆದೆ.